ಮನೆಯಲ್ಲಿ ಮೆಷಿನ್‌ನಿಂದ ಆಮ್ಲಜನಕ ಪಡೆಯುವ ತಾಯಿ ಕ್ಯಾನುಲಾ (ಮೂಗಿಗೆ ಆಮ್ಲಜನಕ ಕೊಡುವ ಕೊಳವೆ) ತೆಗೆದಿದ್ದರೂ ದೀಪದ ಮುಂದೆ ಅವರ ಸೆರಗು ಭಗ್ಗೆಂದು ಹೊತ್ತಿಕೊಂಡಿದ್ದೇಕೆ?

ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಮೆಷಿನ್) ಆಫ್ ಮಾಡದೆ ಕ್ಯಾನುಲಾ ಮಾತ್ರ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದೇ ಬಹುಶಃ ಕಾರಣ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21, ಮೆಷಿನ್ ಕೊಡುವುದು ಶೇ 90ರ ಆಸುಪಾಸು. ಆಮ್ಲಜನಕ ತಾನೇ ಉರಿಯುವುದಿಲ್ಲ. ಆದರೆ ಸೀರೆ, ಹೊದಿಕೆ, ಕೂದಲಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು.

ಮೊದಲು ಮೆಷಿನ್ ಆಫ್ ಮಾಡಿ, ಕಿಟಕಿ ತೆರೆಯಿರಿ, ಕನಿಷ್ಠ 20 ನಿಮಿಷ ಬಿಟ್ಟು ತಾಯಿಯವರು ದೀಪದ ಹತ್ತಿರ ಹೋಗಲಿ. ನನ್ನ ಕೇಳಿದರೆ, ದೀಪ, ಊದುಬತ್ತಿ ಬೇರೆಯವರೇ ಹಚ್ಚಲಿ. ಅವರು 3 ಮೀಟರ್ ದೂರ ಕೂತೇ ಕೈಮುಗಿಯಲಿ. ಗ್ಯಾಸ್ ಒಲೆಗೂ ಇದೇ ಲೆಕ್ಕ. ಮನೆಯೊಳಗೆ ಬೀಡಿ, ಸಿಗರೇಟು ಯಾರಿಗೂ ಬೇಡ.

ಮೂಗು ಒಣಗಿದರೆ ವ್ಯಾಸಲೀನ್ ಹಚ್ಚಬೇಡಿ, ಎಣ್ಣೆಯಂಶವಿಲ್ಲದ ಜೆಲ್ ಕೇಳಿ. ಮತ್ತೆ ಬೆಂಕಿ ಕಂಡರೆ ಕ್ಯಾನುಲಾ ಕಿತ್ತು, ಸ್ವಿಚ್ ಆರಿಸಿ, ಅವರನ್ನು ಹೊರಗೆ ಕರೆತನ್ನಿ. ಕೊಳವೆಗೆ ಬೆಂಕಿ ತಡೆಯುವ ವಾಲ್ವ್ ಹಾಕಿದೆಯೇ ಎಂದು ಮೆಷಿನ್ ಕೊಟ್ಟವರನ್ನು ಇವತ್ತೇ ವಿಚಾರಿಸಿ.