ಬೆಟ್ಟದಲ್ಲಿ ಸಿಕ್ಕ ಪುಟ್ಟ ಅಣಬೆ ಹೊಸ ಜಾತಿಯಾ?

ಚಾಮುಂಡಿ ಬೆಟ್ಟದ ಮೆಟ್ಟಿಲ ಪಕ್ಕ, ತರಗೆಲೆ ಮೇಲೆ ಉಗುರಿನಷ್ಟು ಅಣಬೆ ಕಂಡಿರಿ, ಗೂಗಲ್‌ನಲ್ಲಿ ಯಾವುದಕ್ಕೂ ಹೊಂದುತ್ತಿಲ್ಲ, ಹೊಸದಾದರೆ ಅಜ್ಜಿಯ ಹೆಸರಿಡಬಹುದಾ ಎಂದು ಕೇಳಿದ್ದೀರಿ. ಅಜ್ಜಿಯ ಹೆಸರು ಧಾರಾಳವಾಗಿ ಇಡಬಹುದು, ನಿಮ್ಮ ಹೆಸರನ್ನೇ ಇಟ್ಟುಕೊಂಡರೆ ಮಾತ್ರ ಜನ ನಗುತ್ತಾರೆ. ಆದರೆ ಫೋಟೊ ನೋಡಿ ಹೊಸದು ಎನ್ನಲು ಯಾರಿಂದಲೂ ಆಗುವುದಿಲ್ಲ.

ನಾನೂ ಬೇಸ್ತು ಬಿದ್ದವನೇ. ಮೈಸೂರಿನಲ್ಲಿ ಓದುತ್ತಿದ್ದಾಗ, ಮಳೆ ನಿಂತ ಒಂದು ಬೆಳಿಗ್ಗೆ, ಒಂದೇ ಕೊರಡಿನ ಮೇಲೆ ಕಂದು ಬಣ್ಣದ್ದೊಂದು ಮಾಸಲು ಬಿಳಿಯದ್ದೊಂದು ಸಿಕ್ಕಿ, ಎರಡು ಜಾತಿ ಎಂದು ಬೇರೆ ಬೇರೆ ಪೊಟ್ಟಣ ಕಟ್ಟಿದೆ. ಸಂಜೆಗೆ ಕಂದಿನದ್ದೂ ಒಣಗಿ ಬೆಳ್ಳಗಾಗಿತ್ತು! ನೀರು ಕುಡಿದಾಗ ಒಂದು ಬಣ್ಣ, ಆರಿದಾಗ ಇನ್ನೊಂದು, ಅಷ್ಟೇ. ಅದಕ್ಕೇ ಬಣ್ಣ, ವಾಸನೆ, ಯಾವ ಮರದ ಕೆಳಗೆ ಎಂಬುದನ್ನು ಅಲ್ಲೇ ಬರೆದುಕೊಳ್ಳಬೇಕು. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಬೆವೆತು ಕೊಳೆಯುತ್ತೆ.

ಮನೆಯಲ್ಲೇ ಮಾಡಬಹುದಾದದ್ದು ಬೀಜಕಣದ (ಅಣಬೆ ಉದುರಿಸುವ ಬೀಜದಂಥ ಪುಡಿಯ) ಅಚ್ಚು. ದಂಟು ಕತ್ತರಿಸಿ, ಕೊಡೆಯನ್ನು ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮೇಲೆ ಅಡಿಭಾಗ ಕೆಳಗೆ ಬರುವಂತೆ ಇಟ್ಟು ರಾತ್ರಿಯಿಡೀ ಬಟ್ಟಲು ಮುಚ್ಚಿಡಿ. ಬೀಜಕಣ ಬಿಳಿಯಾಗಿದ್ದರೆ ಬಿಳಿ ಕಾಗದದಲ್ಲಿ ಏನೂ ಕಾಣಲ್ಲ, ಅದಕ್ಕೆ ಕಪ್ಪು. ಮುಂದಿನದು ಸೂಕ್ಷ್ಮದರ್ಶಕದ ಕೆಲಸ. ಮೈಸೀನಾ, ಮರಾಸ್ಮಿಯಸ್ ಎಂಬ ಎರಡು ಕುಲಗಳ ಪುಟಾಣಿಗಳು ನೋಡಲು ಒಂದೇ ಥರ ಇರಬಹುದು. ಆದರೆ ಅಯೋಡಿನ್ ಇರುವ ಮೆಲ್ಜರ್ ದ್ರಾವಣ ಹಾಕಿದರೆ ಹೆಚ್ಚಿನ ಮೈಸೀನಾಗಳ ಬೀಜಕಣ ನೀಲಿ-ಬೂದಿಗೆ ತಿರುಗುತ್ತದೆ, ಮರಾಸ್ಮಿಯಸ್‌ನದು ತಿರುಗುವುದಿಲ್ಲ.

ಡಿಎನ್‌ಎ ಮಾಡಿಸಿದರೆ ಮುಗೀತಲ್ವಾ ಎನ್ನುತ್ತೀರಿ. ಇಲ್ಲ. ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನು 2012ರಿಂದ ಶಿಲೀಂಧ್ರಗಳ ಬಾರ್‌ಕೋಡ್ ಆಗಿ, ಅಂದರೆ ಜಾತಿ ಗುರುತಿಸುವ ಚೀಟಿಯಾಗಿ, ಒಪ್ಪಿದ್ದಾರೆ, ನಿಜ. ಆದರೆ ನಿಮ್ಮದು ಯಾವುದಕ್ಕೂ ಹೊಂದದಿದ್ದರೆ ಹೊಸದೇ ಎಂದಲ್ಲ, ಹಳೆಯ ಎಷ್ಟೋ ಅಣಬೆಗಳ ಡಿಎನ್‌ಎ ಯಾರೂ ಓದಿಯೇ ಇಲ್ಲ. 1870ರ ದಶಕದಲ್ಲೇ ಬರ್ಕ್ಲಿ, ಬ್ರೂಮ್ ಎಂಬ ಇಂಗ್ಲೆಂಡಿನ ಅಣಬೆ ತಜ್ಞರಿಬ್ಬರು ಸಿಲೋನಿನ (ಈಗಿನ ಶ್ರೀಲಂಕಾದ) ರಾಶಿ ಅಣಬೆಗಳನ್ನು ಎರಡೆರಡು ಸಾಲಿನಲ್ಲಿ ವರ್ಣಿಸಿ ಹೋಗಿದ್ದಾರೆ. ನಿಮ್ಮದು ಅವುಗಳಲ್ಲೊಂದು ಅಲ್ಲ ಎಂದು ತೋರಿಸುವುದೇ ನಿಜವಾದ ತಲೆನೋವು. ಅದಾದ ಮೇಲೆ ಒಣಗಿಸಿದ ಮಾದರಿ ಹರ್ಬೇರಿಯಂ (ಒಣ ಮಾದರಿಗಳನ್ನು ಕಾಪಿಡುವ ಸಂಗ್ರಹಾಲಯ) ಸೇರಬೇಕು, ಹೆಸರಿಗೆ ನೋಂದಣಿ ಸಂಖ್ಯೆಯೂ ಬೇಕು. 2013ರಿಂದ ಅದು ಕಡ್ಡಾಯ.

ಬೆಟ್ಟ ಮೀಸಲು ಅರಣ್ಯ, ಕೀಳುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ಸದ್ಯಕ್ಕೆ ಕೊಡೆಯ ಅಡಿಭಾಗದ್ದೊಂದು ಫೋಟೊ ಹಾಕಿ, ನೀವು ಹಾಕಿರುವ ಮೂರೂ ಮೇಲಿಂದ ತೆಗೆದವೇ.