ಪಂದಿ ಕರಿ ಇರಲಿ, ಮೊದಲು ಮಟನ್ ಲೆಕ್ಕ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮದುವೆಯಾಗಿ ವಿರಾಜಪೇಟೆಗೆ ಬಂದು ಎರಡು ವರ್ಷ ಆಗಿದೆ. ಮನೆಯಲ್ಲಿ ವಾರಕ್ಕೆ ನಾಲ್ಕೈದು ದಿನ ಮಾಂಸ. ಪರಿಸರದ ಕಾರಣಕ್ಕೆ ಕಡಿಮೆ ಮಾಡಬೇಕು ಅಂತ ಆಸೆ. ಪಂದಿ ಕರಿ, ಅಂದರೆ ಕೊಡಗಿನ ಹಂದಿ ಮಾಂಸದ ಅಡುಗೆ, ಅದನ್ನು ಬಿಟ್ಟರೆ ಸಾಕಾ? ಒಂದು ಮನೆಯವರು ಬಿಟ್ಟರೆ ಏನಾದರೂ ಆಗುತ್ತಾ? ಅತ್ತೆಗೆ ಬೇಜಾರಾಗದ ಹಾಗೆ ಎಲ್ಲಿಂದ ಶುರು ಮಾಡೋದು?

ನಾನೂ ಹತ್ತಿರದವನೇ. ಗೋಣಿಕೊಪ್ಪಲು ಕಡೆ ಸ್ವಲ್ಪ ಕಾಫಿ ತೋಟ ಇದೆ, ಮನೆಯಲ್ಲಿ ಐದು ಜನ. ಕಳೆದ ವರ್ಷ ಇದೇ ಹುಚ್ಚು ನನಗೂ ಹಿಡಿದಿತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮಡಿ ಮೈಲಿಗೆಯ ವಿಷಯ ಅಲ್ಲ. ನಮ್ಮಲ್ಲಿ ಮಾಂಸದ ಮಾತು ಬಂದ ತಕ್ಷಣ ಜಾತಿಗೆ ಎಳೆದುಕೊಂಡು ಹೋಗುತ್ತಾರೆ. ಹಂದಿ ತಿನ್ನುವವರು ಕೀಳು ಅಂತ ಯಾರಾದರೂ ಹೇಳಿದರೆ ನಾನಂತೂ ಆ ದಿನವೇ ಎರಡು ಕೆಜಿ ತಂದು ಬೇಯಿಸುತ್ತೇನೆ. ಇಲ್ಲಿ ಮಾತು ಬರೀ ಭೂಮಿಯನ್ನು ಬಿಸಿ ಮಾಡುವ ಹೊಗೆ ಮತ್ತು ಅನಿಲದ್ದು.

ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ಅಂದರೆ, ಒಂದು ತಿಂಗಳು ಬರೆದಿಟ್ಟದ್ದು. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇರುತ್ತಲ್ವಾ, ಅದೇ ಚೌಕದ ಮೂಲೆಯಲ್ಲಿ ಪೆನ್ಸಿಲ್‌ನಿಂದ ‘ಹಂ 2’, ‘ಕೋ 1½’, ‘ಕು 1’ ಅಂತ ಗುರುತು ಹಾಕುತ್ತಾ ಹೋದೆ. ಹಂದಿ, ಕೋಳಿ, ಕುರಿ. ಅವ್ವ ಎರಡು ವಾರ ನೋಡಿ ನೋಡಿ ಕೊನೆಗೆ, ‘ಇದು ಯಾರ ಸಾಲದ ಲೆಕ್ಕ?’ ಅಂತ ಕೇಳಿದರು.

ತಿಂಗಳ ಕೊನೆಗೆ ಕೂಡಿದಾಗ ಹಂದಿ 6 ಕೆಜಿ, ಕೋಳಿ 8, ಕುರಿ 3. ಮೀನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಟ್ಟು 17 ಕೆಜಿ. ಐದು ಜನಕ್ಕೆ ಹಂಚಿ ವರ್ಷಕ್ಕೆ ಗುಣಿಸಿದರೆ ತಲೆಗೆ ಸುಮಾರು 40 ಕೆಜಿ ಆಗುತ್ತೆ. ಜಗತ್ತಿನ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಭಾರತದ ಸರಾಸರಿ ಅದರ ಒಂದು ಸಣ್ಣ ಪಾಲು. ‘ಭಾರತೀಯರು ಮಾಂಸ ತಿನ್ನೋದೇ ಕಮ್ಮಿ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು’ ಅಂತ ನಾನು ಎಷ್ಟೋ ಜನರ ಹತ್ತಿರ ವಾದ ಮಾಡಿದ್ದೆ. ನಮ್ಮ ಮನೆಯ ಕ್ಯಾಲೆಂಡರ್ ಆ ವಾದಕ್ಕೆ ಸಾಕ್ಷಿ ಹೇಳಲಿಲ್ಲ.

ಇನ್ನು ಅನಿಲದ ಲೆಕ್ಕ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಸೆಕ್ ಅನ್ನುವ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ–ತೋಟಗಳ ಮಾಹಿತಿ ಒಟ್ಟು ಮಾಡಿ ಪ್ರಕಟಿಸಿದರು. ಅದರ ಜಾಗತಿಕ ಸರಾಸರಿ ಪ್ರಕಾರ ಒಂದು ಕೆಜಿ ಕುರಿ ಮಾಂಸಕ್ಕೆ ಸುಮಾರು 40 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ. ಹಂದಿಗೆ ಸುಮಾರು 12. ಕೋಳಿಗೆ 10. ಕಾಳುಗಳಿಗೆ ಒಂದೆರಡು ಕೆಜಿ ಅಷ್ಟೇ. ದನದ ಮಾಂಸ ಇವೆಲ್ಲಕ್ಕಿಂತ ಮೇಲೆ, ಆದರೆ ನೀವು ಅದರ ವಿಷಯ ಕೇಳಿಲ್ಲ.

ಈಗ ನಮ್ಮ ತಿಂಗಳಿಗೆ ಇದನ್ನು ಹಚ್ಚಿ. ಹಂದಿ 72, ಕೋಳಿ 80, ಕುರಿ 120. ತಂದದ್ದು ಮೂರೇ ಕೆಜಿ ಮಟನ್, ಆದರೂ ಒಟ್ಟು 272ರಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ ಅದರದ್ದೇ. ನಾನು ಅಲ್ಲಿಯವರೆಗೆ ಪಂದಿ ಕರಿಯನ್ನೇ ಅಪರಾಧಿ ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿದ್ದೀರಿ ಅನಿಸುತ್ತೆ.

ಕಾರಣ ಹೊಟ್ಟೆಯಲ್ಲಿದೆ. ಕುರಿ, ಆಡು, ದನ, ಎಮ್ಮೆ ಮೆಲುಕು ಹಾಕುತ್ತವೆ. ಅವುಗಳ ಹೊಟ್ಟೆಯಲ್ಲಿ ಹುಲ್ಲು ಕೊಳೆತು ಮೀಥೇನ್ ಹುಟ್ಟಿ ತೇಗಿನಲ್ಲಿ ಹೊರಗೆ ಬರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಬಿಸಿ ಮಾಡುತ್ತೆ. ಹಂದಿ ಮೆಲುಕು ಹಾಕಲ್ಲ. ಅದರ ಲೆಕ್ಕ ಬರೋದು ಹೆಚ್ಚಾಗಿ ಮೇವಿನಿಂದ ಮತ್ತು ಗೊಬ್ಬರದಿಂದ. ಮೆಕ್ಕೆಜೋಳ, ಸೋಯಾ ತಿನ್ನಿಸಿ ದೊಡ್ಡ ಫಾರ್ಮ್‌ನಲ್ಲಿ ಸಾಕಿದ ಹಂದಿಗೂ, ಮನೆ ಹಿಂದಿನ ಗೂಡಿನಲ್ಲಿ ಹೋಟೆಲ್ ಮುಸುರೆ, ಮರಗೆಣಸು ತಿಂದು ಬೆಳೆದ ಹಂದಿಗೂ ಒಂದೇ ಅಂಕಿ ಹಾಕೋದು ನ್ಯಾಯ ಅಲ್ಲ. ಎಸೆಯೋ ಅನ್ನ ತಿಂದ ಹಂದಿಗೆ ಯಾರೂ ಕಾಡು ಕಡಿದು ಸೋಯಾ ಬೆಳೆಯಬೇಕಾಗಿಲ್ಲ. ಗೊಬ್ಬರದ ಗುಂಡಿಯಲ್ಲಿ ನೀರು ನಿಂತರೆ ಮಾತ್ರ ಅಲ್ಲಿಂದಲೂ ಮೀಥೇನ್ ಏಳುತ್ತೆ. ಸಾಕುವವರು ಗೋಬರ್ ಗ್ಯಾಸ್ ಮಾಡಿಕೊಂಡರೆ ಎರಡೂ ಕಡೆ ಲಾಭ.

‘ಬಯಲುಸೀಮೆಯಲ್ಲಿ ಮೇಯೋ ಕುರಿಗೂ ಕಾಡು ಕಡಿಯಲ್ಲವಲ್ಲ’ ಅಂತ ಒಬ್ಬ ನೆಂಟರು ನನ್ನನ್ನು ಹಿಡಿದು ಕೇಳಿದರು. ಸರಿಯಾದ ಮಾತೇ. ಆದರೆ ಎಲ್ಲಿ ಮೇಯಲಿ, ತೇಗೋದು ತಪ್ಪಲ್ಲವಲ್ಲ.

ಈಗ ನನ್ನ ಪೆದ್ದತನ ಕೇಳಿ. ಲೆಕ್ಕ ಸಿಕ್ಕ ಮೊದಲ ತಿಂಗಳು ಜೋಶ್‌ನಲ್ಲಿ ಮಾಂಸ ಪೂರ್ತಿ ಬಂದ್ ಮಾಡಿದೆ. ಬದಲಿಗೆ ಪನೀರ್ ತಂದೆ. ವಾರಕ್ಕೆ ಎರಡು ಸಲ ಪನೀರ್, ಮೇಲೆ ತುಪ್ಪ. ಮಕ್ಕಳಿಗೆ ಖುಷಿ, ನನಗೂ ಏನೋ ಪುಣ್ಯ ಮಾಡಿದ ಹಾಗೆ. ಆಮೇಲೆ ಒಂದು ದಿನ ಕೂತು ಯೋಚಿಸಿದೆ. ಒಂದು ಕೆಜಿ ಪನೀರ್‌ಗೆ ಐದಾರು ಲೀಟರ್ ಹಾಲು ಬೇಕು. ಹಾಲಿಗೆ ಲೀಟರಿಗೆ ಸುಮಾರು 3 ಕೆಜಿ ಅಂದರೂ 15 ದಾಟಿತು. ಹಂದಿಗೆ 12! ಹಾಲು ಕೊಡೋದೂ ಮೆಲುಕು ಹಾಕೋ ಪ್ರಾಣಿಯೇ ಅಲ್ವಾ. ಪಂದಿ ಕರಿ ಬಿಟ್ಟು ಪನೀರ್ ಬಟರ್ ಮಸಾಲ ತಿಂದರೆ ಪರಿಸರಕ್ಕೆ ಏನೂ ಸಿಗಲ್ಲ, ನಾಲಿಗೆಗಂತೂ ನಷ್ಟವೇ.

ಹಾಗಾಗಿ ಈಗ ನಮ್ಮ ಮನೆಯಲ್ಲಿ ಮಟನ್ ಮೂರು ತಿಂಗಳಿಗೊಮ್ಮೆ, ಯಾರಾದರೂ ಬಂದಾಗ. ವಾರದ ಮಧ್ಯೆ ಸುಮ್ನೆ ಅಭ್ಯಾಸಕ್ಕೆ ತರುತ್ತಿದ್ದ ಬ್ರಾಯ್ಲರ್ ಅರ್ಧಕ್ಕೆ ಇಳಿದಿದೆ. ನಿಜ ಹೇಳಬೇಕೆಂದರೆ ಅದನ್ನು ಯಾರೂ ಆಸೆಪಟ್ಟು ತಿನ್ನುತ್ತಿರಲಿಲ್ಲ, ಬೇರೇನು ಮಾಡೋದು ಅಂತ ಹೊಳೆಯದ ದಿನ ತರುತ್ತಿದ್ದೆವು. ಹಂದಿ 6ರಿಂದ 4ಕ್ಕೆ ಬಂತು, ಭಾನುವಾರಕ್ಕೆ ಮಾತ್ರ. ಕೈಲ್‌ಪೊಳ್ದ್, ಪುತ್ತರಿಯಂಥ ಹಬ್ಬ, ಮದುವೆ ಮನೆ, ಇವಕ್ಕೆ ಲೆಕ್ಕವೇ ಇಲ್ಲ, ಕ್ಯಾಲೆಂಡರ್ ಆ ದಿನ ರಜೆ. ಈ ರೀತಿಯಲ್ಲಿ ತಿಂಗಳಿಗೆ 272 ಇದ್ದದ್ದು ಸುಮಾರು 100ಕ್ಕೆ ಬಂತು. ಬದಲಿಗೆ ತಿನ್ನುವ ಕಾಳಿನ ಪಾಲು ಕಳೆದರೂ ಒಬ್ಬರಿಗೆ ವರ್ಷಕ್ಕೆ 350 ಕೆಜಿಯ ಮೇಲೆ ಉಳಿಯುತ್ತೆ. ನಮ್ಮ ದೇಶದಲ್ಲಿ ಒಬ್ಬರ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಅದರ ಮುಂದೆ ಇಟ್ಟು ನೋಡಿದರೆ 350 ಸಣ್ಣದಲ್ಲ. ಒಂದು ಮನೆಯಿಂದ ಹವಾಮಾನ ಬದಲಾಗುತ್ತಾ ಅಂದರೆ ಇಲ್ಲ. ನಿಮ್ಮ ಸ್ವಂತ ಲೆಕ್ಕ ಎಷ್ಟು ಇಳಿಯುತ್ತೆ ಅಂದರೆ ಇಷ್ಟು ಇಳಿಯುತ್ತೆ.

ಅದೇ ತಿಂಗಳು ಕಾರಿನದ್ದೂ ನೋಡಿದೆ, ಸುಮ್ಮನಿರಲಾರದೆ. ಎರಡು ಸಲ ಬೆಂಗಳೂರು, ಮಿಕ್ಕದ್ದು ಸಂತೆ, ಬ್ಯಾಂಕು, ಮದುವೆ. 1,200 ಕಿಲೋಮೀಟರ್, 80 ಲೀಟರ್ ಡೀಸೆಲ್. ಲೀಟರಿಗೆ 2.7 ಕೆಜಿ ಹಿಡಿದರೆ 216 ಕೆಜಿ. ತಟ್ಟೆಯಲ್ಲಿ ಉಳಿಸಿ ರಸ್ತೆಯಲ್ಲಿ ಚೆಲ್ಲೋದು ಅಂದರೆ ಇದೇ. ಈಗ ಬೆಂಗಳೂರಿಗೆ ಒಂದು ಸಲ ಬಸ್ಸಿನಲ್ಲಿ ಹೋಗುತ್ತೇನೆ. ಇನ್ನೊಂದು ಸಲ ಇನ್ನೂ ಕಾರೇ. ಮತ್ತೆ ನಮ್ಮ ಕಾಫಿ? ಅದೇ ಅಧ್ಯಯನದಲ್ಲಿ ಕೆಜಿಗೆ ಸುಮಾರು 28, ಹಂದಿಯ ಎರಡು ಪಟ್ಟಿಗಿಂತ ಜಾಸ್ತಿ! ಕಾಡು ಕಡಿದು ತೋಟ ಮಾಡುವ ದೇಶಗಳ ಪಾಲೂ ಅದರಲ್ಲಿ ಸೇರಿದೆ. ಒಂದು ಲೋಟಕ್ಕೆ ಹಿಡಿಯೋದು ಹತ್ತು ಗ್ರಾಂ ಪುಡಿ, ನಮ್ಮ ಗಿಡಗಳ ಮೇಲೆ ಮರದ ನೆರಳೂ ಇದೆ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಬೆಳೆಗಾರನಲ್ವಾ.

ಅತ್ತೆಯ ವಿಷಯಕ್ಕೆ ಬರೋಣ. ದಯವಿಟ್ಟು ಭಾಷಣ ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ, ಅವ್ವ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಅತ್ತೆಯಂದಿರಿಗೆ ಮಾಂಸವಿಲ್ಲದ ಕೊಡಗಿನ ಅಡುಗೆ ನಮಗಿಂತ ಚೆನ್ನಾಗಿ ಗೊತ್ತು. ಅದನ್ನು ಕಲಿಸಿ ಅಂತ ಕೇಳಿ, ಸಾಕು. ಕಾವೇರಿ ಚಂಗ್ರಾಂದಿಗೆ (ತುಲಾ ಸಂಕ್ರಮಣದ ಹಬ್ಬಕ್ಕೆ) ದೋಸೆ, ಕುಂಬಳಕಾಯಿ ಕರಿ ಮಾಡುತ್ತಾರಲ್ಲ, ಅದನ್ನು ವರ್ಷಕ್ಕೆ ಒಂದೇ ಸಲ ಯಾಕೆ ಮಾಡಬೇಕು? ಹುರುಳಿ ಸಾರು, ಅಲಸಂಡೆ, ಕೆಸುವಿನ ಸೊಪ್ಪು, ಮಾವಿನ ಹಣ್ಣಿನ ಕರಿ. ಕಕ್ಕಡ ತಿಂಗಳ ಮಳೆಯಲ್ಲಿ ಬೈಂಬಳೆ, ಅಂದರೆ ಕಣಿಲೆ (ಎಳೆ ಬಿದಿರು). ನಮ್ಮ ಅವ್ವ ಎಳೆ ಕಣಿಲೆಯನ್ನು ತೆಳ್ಳಗೆ ಹೆಚ್ಚಿ ಹಿತ್ತಲ ಬಾಗಿಲ ಪಕ್ಕ ಬಕೆಟ್‌ನಲ್ಲಿ ನೆನೆಹಾಕುತ್ತಾರೆ. ಮೂರು ದಿನ, ದಿನಾ ನೀರು ಬದಲಿಸಬೇಕು. ಇಲ್ಲದಿದ್ದರೆ ಅದರ ವಿಷ ಹೋಗಲ್ಲ. ಎರಡನೇ ದಿನದ ಹುಳಿ ವಾಸನೆ ಇಡೀ ಮನೆಗೆ ಹರಡುತ್ತೆ. ಹೊಸಬರು ಮೂಗು ಮುಚ್ಚುತ್ತಾರೆ, ನನಗೆ ಅಷ್ಟರಲ್ಲಾಗಲೇ ಅಕ್ಕಿ ಒಟ್ಟಿ ನೆನಪಾಗಿರುತ್ತೆ. ಎಲ್ಲೆಲ್ಲಿಂದಲೋ ಕಡಿದು ತರಬೇಡಿ, ತೋಟದ ಅಂಚಿನ ಮೆಳೆಯದ್ದು ಸಾಕು.

ಮಾಂಸ ಕಮ್ಮಿ ಮಾಡಿದಾಗ ಮೊಟ್ಟೆ, ಸ್ವಲ್ಪ ಹಾಲು ಇಟ್ಟುಕೊಳ್ಳಿ. ವಿಟಮಿನ್ ಬಿ12 ಕಾಳಿನಲ್ಲಿ ಸಿಗಲ್ಲ.

ಎಳೆ ಹಲಸಿನಕಾಯಿಗೆ ಪಂದಿ ಮಸಾಲೆ ಹಾಕಿಯೂ ಮಾಡಿದ್ದೆವು. ತಿನ್ನಬಹುದು. ಆದರೆ ಅದನ್ನು ಪಂದಿ ಕರಿ ಅಂತ ಬಡಿಸಿದರೆ ಜಗಳ ಗ್ಯಾರಂಟಿ. ಅಣಬೆಗೆ ಮಾತ್ರ ಆ ಮಸಾಲೆ ಅದ್ಭುತವಾಗಿ ಕೂಡುತ್ತೆ, ಕಡಂಬುಟ್ಟಿನ (ಅಕ್ಕಿ ಉಂಡೆ) ಜೊತೆ ನಾನು ಮಾಂಸ ಕೇಳಲ್ಲ. ಕಾಳುಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆಯನ್ನು ಕಪ್ಪಾಗುವ ತನಕ ಹುರಿಯಿರಿ, ಹೆದರಬೇಡಿ. ಅಣಬೆ ನೀರು ಬಿಡುತ್ತೆ, ನೀವು ಬೇರೆ ಹಾಕಬೇಡಿ. ಹಂದಿಯ ಕೊಬ್ಬು ಇಲ್ಲದ್ದರಿಂದ ಕಾಚಂಪುಳಿ (ನಮ್ಮ ಕಪ್ಪು ಹುಳಿ ರಸ) ಅರ್ಧ ಚಮಚ ಸಾಕು, ಅದೂ ಒಲೆ ಆರಿಸುವ ಹೊತ್ತಿಗೆ.