ಭಾನುವಾರದ ಓಟವನ್ನೇ ರೇಸ್ ಮಾಡಿಕೊಂಡಿದ್ದೀರಿ

ಪ್ರಶ್ನೆ: ನನಗೆ 41 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಹಾಫ್ ಮ್ಯಾರಥಾನ್ 2 ಗಂಟೆ 5 ನಿಮಿಷದಲ್ಲಿ ಮುಗಿಸಿದ್ದೇನೆ. ಜನವರಿಯಲ್ಲಿ ಮುಂಬೈಯಲ್ಲಿ ಮೊದಲ ಫುಲ್ ಮ್ಯಾರಥಾನ್ ಓಡುವ ಆಸೆ. ಭಾನುವಾರ ಗೆಳೆಯರ ಜೊತೆ 28 ಕಿಲೋಮೀಟರ್ ಅಂತ ಹೊರಡುತ್ತೇನೆ. ಕಿಲೋಮೀಟರಿಗೆ 5:45ರ (5 ನಿಮಿಷ 45 ಸೆಕೆಂಡ್) ಹಾಗೆ ಶುರು, ಆರಾಮಾಗೇ ಇರುತ್ತೆ. 20 ಆಗುವಷ್ಟರಲ್ಲಿ ಕಾಲು ಕಲ್ಲಾಗುತ್ತೆ, ಉಳಿದದ್ದು ಬರೀ ನಡಿಗೆ. ಸ್ಟ್ಯಾಮಿನಾ ಕಮ್ಮಿಯಾ?

ಉತ್ತರ: ಸ್ಟ್ಯಾಮಿನಾಗೆ ಏನೂ ಆಗಿಲ್ಲ. ಸಣ್ಣ ಲೆಕ್ಕ ಹಾಕಿ. 2 ಗಂಟೆ 5 ನಿಮಿಷದಲ್ಲಿ ಹಾಫ್, ಅಂದರೆ 21.1 ಕಿಲೋಮೀಟರ್, ಅಂದಮೇಲೆ ಕಿಲೋಮೀಟರಿಗೆ 5:55. ಅದು ರೇಸ್ ದಿನ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡಿದ ವೇಗ. ಭಾನುವಾರ ಅದಕ್ಕಿಂತ ಜೋರಾಗಿ ಹೊರಟು, ಅದಕ್ಕಿಂತ ಉದ್ದ ಓಡಲು ನೋಡುತ್ತಿದ್ದೀರಿ. ಯಾರ ಕಾಲಾದರೂ ಕಲ್ಲಾಗುತ್ತೆ.

ಮೊದಲ ಕಿಲೋಮೀಟರುಗಳಲ್ಲಿ ಆರಾಮ ಅನ್ನಿಸುವುದೇ ತೊಂದರೆ. ಹತ್ತು ಕಿಲೋಮೀಟರ್ ಓಟದಲ್ಲಿ ತಪ್ಪು ವೇಗ ಬೇಗ ಗೊತ್ತಾಗುತ್ತೆ, ಏದುಸಿರು ಬರುತ್ತೆ. ಮ್ಯಾರಥಾನ್‌ನಲ್ಲಿ ಅದು ಗೊತ್ತಾಗುವುದು ಎರಡು ಮೂರು ಗಂಟೆ ಬಿಟ್ಟು. ಜೋರಾಗಿ ಓಡಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಸ್ನಾಯು ಮತ್ತು ಲಿವರ್‌ನಲ್ಲಿರುವ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ ಅಂಶ) ಸುಡುತ್ತೆ. ಆ ದಾಸ್ತಾನು 42.195 ಕಿಲೋಮೀಟರಿಗೆ ಸಾಲುವಷ್ಟು ಇರುವುದಿಲ್ಲ. ಬಹಳಷ್ಟು ಜನ 30 ದಾಟಿದ ಮೇಲೆ ಕುಸಿಯುವುದು ಅದಕ್ಕೇ.

ನಿಮ್ಮ ಹಾಫ್ ನೋಡಿದರೆ ಮೊದಲ ಫುಲ್‌ಗೆ 4 ಗಂಟೆ 30 ನಿಮಿಷ ಒಳ್ಳೆಯ ಗುರಿ. ಮುಂಬೈಯ ಸೆಕೆ ಮೈಸೂರಿನಂತಲ್ಲ, ಪೆಡ್ಡರ್ ರೋಡ್ ಏರು ಬೇರೆ ಕೊನೆಯ ಹತ್ತು ಕಿಲೋಮೀಟರಿನಲ್ಲೇ ಎದುರಾಗುತ್ತೆ. 4:30 ಅಂದರೆ ಕಿಲೋಮೀಟರಿಗೆ 6:24. ಭಾನುವಾರದ ಓಟ ಅದಕ್ಕಿಂತಲೂ ನಿಧಾನ ಇರಲಿ, 7:15ರ ಆಸುಪಾಸು. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಹರಟೆ ಹೊಡೆಯಲು ಆಗಬೇಕು. 'ಹೂಂ', 'ಸರಿ' ಅಷ್ಟೇ ಬಾಯಿಂದ ಬರುತ್ತಿದ್ದರೆ ಜೋರಾಯಿತು ಅಂತಲೇ ಅರ್ಥ. ಗೆಳೆಯರು ಓಡಿಹೋಗಲಿ ಬಿಡಿ, ಕೊನೆಗೆ ಕಾಫಿಗೆ ಸಿಕ್ಕರೆ ಸಾಕು. ಓಟ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ನಿಧಾನ ಕಾಣುತ್ತೆ ಅನ್ನುವ ಚಿಂತೆಯಾ? ಯಾರಿಗೂ ಕಾಣದಂತೆ ಸೆಟ್ಟಿಂಗ್ ಬದಲಿಸಿಬಿಡಿ. ಈ ಒಂದು ಚಪಲಕ್ಕೆ ತರಬೇತಿ ಕೆಡಿಸಿಕೊಂಡವರು ಬೇಕಾದಷ್ಟು ಜನ.

6:24 ಅನ್ನುವುದು ಕಾಲಿಗೆ ಗೊತ್ತಾಗಲು 400 ಮೀಟರ್ ಟ್ರ್ಯಾಕ್‌ಗಿಂತ ಒಳ್ಳೆಯ ಜಾಗ ಇಲ್ಲ. ಒಂದು ಸುತ್ತು 2 ನಿಮಿಷ 34 ಸೆಕೆಂಡ್. ವಾಚ್ ನೋಡದೆ ಸುತ್ತು ಮುಗಿಸಿ, ಎಷ್ಟಾಗಿರಬಹುದು ಅಂತ ಮನಸ್ಸಿನಲ್ಲೇ ಊಹಿಸಿ, ಆಮೇಲೆ ವಾಚ್ ನೋಡಿ. ಮೊದಮೊದಲು 2:20ಕ್ಕೆಲ್ಲ ಬಂದುಬಿಡುತ್ತೀರಿ. ಬೇಜಾರಾಗಬೇಡಿ, ಎಲ್ಲರಿಗೂ ಹಾಗೇ. ಊಹೆಗೂ ವಾಚಿಗೂ ಎರಡು ಮೂರು ಸೆಕೆಂಡ್ ಅಷ್ಟೇ ಅಂತರ ಉಳಿದಾಗ ರಸ್ತೆಗೆ ಬನ್ನಿ. ವಾರದ ಮಧ್ಯೆ ಒಂದು ದಿನ 3 ಕಿಲೋಮೀಟರ್ ನಿಧಾನವಾಗಿ ಓಡಿ, ನಂತರ 8 ಕಿಲೋಮೀಟರ್ 6:24ರಲ್ಲಿ. ಎರಡು ವಾರಕ್ಕೊಮ್ಮೆ ಭಾನುವಾರದ ಲಾಂಗ್ ರನ್‌ನ ಕೊನೆಯ 5 ಕಿಲೋಮೀಟರನ್ನೂ ಇದೇ ವೇಗಕ್ಕೆ ತನ್ನಿ. ದಣಿದ ಕಾಲಿಗೆ ಅದೇ 6:24 ಬೇರೆಯೇ ಅನ್ನಿಸುತ್ತೆ, ಕಲಿಯಬೇಕಾದದ್ದೂ ಅದನ್ನೇ.

ರೇಸ್ ದಿನ ಮೊದಲ 5 ಕಿಲೋಮೀಟರ್ 6:32ರಲ್ಲಿ ಹೋಗಿ. ಒಟ್ಟು ಕಳೆದುಕೊಳ್ಳುವುದು 40 ಸೆಕೆಂಡ್. ಉಳಿದ 37ರಲ್ಲಿ ಕಿಲೋಮೀಟರಿಗೆ ಒಂದು ಸೆಕೆಂಡ್ ಚೂರು ಜಾಸ್ತಿ ಉಳಿಸಿದರೆ ಆಯಿತು. 2023ರಲ್ಲಿ ಶಿಕಾಗೋದಲ್ಲಿ 2:00:35ರ ವಿಶ್ವದಾಖಲೆ ಮಾಡಿದ ಕೆಲ್ವಿನ್ ಕಿಪ್ಟಮ್ ಕೂಡ ಮೊದಲರ್ಧ 60:48ಕ್ಕೆ ಓಡಿ ಎರಡನೆಯದನ್ನು 59:47ಕ್ಕೆ ಮುಗಿಸಿದರು.

ಪ್ರಶ್ನೆ: ಕಬ್ಬನ್ ಪಾರ್ಕ್‌ನಲ್ಲಿ ಓಡುವಾಗ ವಾಚ್ ಒಮ್ಮೆ 5:30, ಮರುಕ್ಷಣ 6:50 ತೋರಿಸುತ್ತೆ. ನನ್ನ ಗುರಿಯೂ ನಾಲ್ಕೂವರೆ ಗಂಟೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಡಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ತಡವರಿಸುತ್ತೆ. ಆ ಕ್ಷಣದ ವೇಗ ತೋರಿಸುವ ಜಾಗಕ್ಕೆ 'ಲ್ಯಾಪ್ ಪೇಸ್' ಹಾಕಿಕೊಳ್ಳಿ, ಆ ಕಿಲೋಮೀಟರಿನ ಸರಾಸರಿ ಕಾಣುತ್ತೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರೇಸ್ ಮಾರ್ಗವನ್ನು ಅಳೆಯುವುದು ಅತಿ ಹತ್ತಿರದ ದಾರಿ ಹಿಡಿದು. ನಾವು ತಿರುವುಗಳಲ್ಲಿ ಹೊರಗಿನಿಂದ ಬಳಸಿ, ನೀರಿನ ಟೇಬಲ್ ಕಡೆ ಓಡಿ ಜಾಸ್ತಿ ದೂರ ಹೋಗಿರುತ್ತೇವೆ. ಫಿನಿಶ್‌ನಲ್ಲಿ ವಾಚ್ 42.6 ತೋರಿಸುವುದು ಮಾಮೂಲು. ವಾಚಿನ ಪ್ರಕಾರ ಸರಿಯಾಗಿ 6:24 ಓಡಿದವರು ಆಗ 4 ಗಂಟೆ 32 ನಿಮಿಷ ದಾಟಿರುತ್ತಾರೆ. ವಾಚಿನಲ್ಲಿ 6:20 ಇಟ್ಟುಕೊಳ್ಳಿ, ರಸ್ತೆ ಬದಿಯ ಕಿಲೋಮೀಟರ್ ಬೋರ್ಡ್ ಬಂದಾಗಲೆಲ್ಲ ಒಟ್ಟು ಸಮಯ ತಾಳೆ ನೋಡಿ.